ಗೋಣಿಬೀಡಿನ ಗಾಡಿ ಮೇಸ್ತ್ರಿ

ಗೋಣಿಬೀಡಿನ ಬಸ್ ಸ್ಟ್ಯಾಂಡ್ ದಾಟಿ ಮೂಡಿಗೆರೆ ಕಡೆಗೆ ಸ್ವಲ್ಪ ದೂರ ಬಂದರೆ ರಸ್ತೆಯ ಎಡಕ್ಕೆ ಒಂದು ತಗಡಿನ ಶೆಡ್ಡು ಇತ್ತು. ಕಳೆದ ತಿಂಗಳು ಆ ದಾರಿಯಲ್ಲಿ ಬರುವಾಗ ಇಬ್ಬರು ಏಣಿ ಹಾಕಿಕೊಂಡು ಅದರ ತಗಡು ಬಿಚ್ಚುತ್ತಿದ್ದರು. ಜಾಗದ ಯಜಮಾನರು ಅಲ್ಲಿ ಗೊಬ್ಬರದ ಅಂಗಡಿ ಕಟ್ಟಿಸುತ್ತಾರಂತೆ. ನಾನು ಗಾಡಿ ನಿಲ್ಲಿಸಿ ಇಳಿದೆ. ನೆಲದ ಮಣ್ಣು ಎಷ್ಟೋ ವರ್ಷ ಆಯಿಲ್ ಕುಡಿದು ಕಪ್ಪಾಗಿ ಗಟ್ಟಿಯಾಗಿತ್ತು. ಏಣಿಯ ಮೇಲಿದ್ದವನು ನನ್ನನ್ನು ಗಿರಾಕಿ ಎಂದುಕೊಂಡು, ಮೇಸ್ತ್ರಿ ತೀರಿಕೊಂಡು ವರ್ಷ ಆಗುತ್ತಾ ಬಂತು, ರಿಪೇರಿಗಾದರೆ ಮೂಡಿಗೆರೆಗೇ ಹೋಗಬೇಕು ಎಂದ. ಗೊತ್ತಿದೆ ಎಂದೆ. ಗಾಡಿ ಹತ್ತಿ ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಶೆಡ್ಡಿಗೇ ಅವರು ಬೋರ್ಡ್ ಹಾಕಿರಲಿಲ್ಲ. ನಮ್ಮ ಕಡೆ ಮೇಸ್ತ್ರಿ ಎಂದರೆ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವವನು. ಅವರೊಡನೆ ಗೊಂದಲವಾಗದಿರಲಿ ಎಂದು ಇವರನ್ನು ಗಾಡಿ ಮೇಸ್ತ್ರಿ ಎನ್ನುತ್ತಿದ್ದರು. ಸಣಕಲು ಆಳು. ಬೆಳಿಗ್ಗೆ ಹಣೆ ತುಂಬ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಂಡ ಕೈಯ ಗ್ರೀಸು ಅದರ ಜೊತೆ ಸೇರಿ ಹಣೆಯ ಒಂದು ಭಾಗ ಬೂದು, ಇನ್ನೊಂದು ಭಾಗ ಕಪ್ಪು. ಕನ್ನಡಕಕ್ಕೆ ಟ್ವೈನ್ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಡೀಸೆಲ್ ಇಂಜಿನ್ನುಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕಂಪ್ಯೂಟರ್ ಇರುವ ಹೊಸ ಗಾಡಿ ತಂದವರಿಗೆ, ಇದಕ್ಕೆ ಮಾತಾಡೋದು ನನಗೆ ಬರಲ್ಲ ಎಂದು ಕೈಮುಗಿದು ಕಳಿಸಿಬಿಡುತ್ತಿದ್ದರು.

ಆದರೆ ಹಳೆಯ ಗಾಡಿಗಳೊಡನೆ ಅವರು ನಿಜಕ್ಕೂ ಮಾತಾಡುತ್ತಿದ್ದರು. ತುಕ್ಕು ಹಿಡಿದ ನಟ್ಟಿಗೆ ಸ್ವಲ್ಪ ಡೀಸೆಲ್ ಬಿಟ್ಟು, ಸ್ಪ್ಯಾನರ್ ಹಾಕಿ, "ಬಾ ಮಾರಾಯ, ಬಾ, ಎಷ್ಟು ವರ್ಷ ಅಲ್ಲೇ ಕೂರ್ತೀಯ" ಎನ್ನುತ್ತಿದ್ದರು. ಅದು ಬಂದರೆ ಅಂಗೈಯಲ್ಲಿಟ್ಟು ಒಂದು ಸಲ ನೋಡಿ ಡಬ್ಬಿಗೆ ಹಾಕುತ್ತಿದ್ದರು. ಮನುಷ್ಯರ ಜೊತೆ ಇಷ್ಟು ಮೃದುವಾಗಿ ಇರುತ್ತಿರಲಿಲ್ಲ. ಇಂಜಿನ್ ಚಾಲೂ ಇರುವಾಗ ಯಾರಾದರೂ ಬಾಯಿ ತೆರೆದರೆ ಮುಖ ಗಂಟಿಕ್ಕಿ, ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿನ ಮೇಲೊಂದು ತುದಿ, ಕಿವಿಗೊಂದು ತುದಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸುಮ್ಮನಿರಿ ಎಂದು ಸನ್ನೆ ಮಾಡುತ್ತಿದ್ದರು. ದೊಡ್ಡ ಎಸ್ಟೇಟಿನ ಯಜಮಾನರಿಗೂ ಅದೇ ಸನ್ನೆ.

ನಾನು ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮದುವೆಯಾಗಿಲ್ಲ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಣ್ಣ ಗೋಣಿಬೀಡಿನ ಹತ್ತಿರದ ನಮ್ಮ ತೋಟ ನೋಡಿಕೊಳ್ಳುತ್ತಾನೆ. ಯಾವ ರಜೆ ಬಂದರೂ ನಾನು ಅಲ್ಲಿಗೆ ಹೋಗುವುದು, ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ನಿಲ್ಲುವುದು, ಬಂದ ನೆಂಟರಿಗೆ ಕಾಫಿ ಕೊಡುವುದು, ರಜೆ ಮುಗಿದ ಮೇಲೆ ಬಸ್ಸಿಗೆ ಬರುವುದು ಎಂದು ಮೊದಲಿನಿಂದ ನಡೆದುಬಂದಿತ್ತು. ಯಾರೂ ನನಗೆ ಕೆಟ್ಟದ್ದು ಮಾಡಿದವರಲ್ಲ. ಆದರೂ ನಲವತ್ತು ದಾಟಿದ ಮೇಲೆ ಒಂದು ದಿನ, ವರ್ಷದಲ್ಲಿ ನಾಲ್ಕು ದಿನವಾದರೂ ಯಾರಿಗೂ ಕಾಫಿ ಕೊಡದೆ ಎಲ್ಲಾದರೂ ಕೂತಿರಬೇಕು ಅನ್ನಿಸಿತು. ಕೂರುವುದಕ್ಕೆ ಗುಡ್ಡಗಳಿಗೇನು ಕಡಿಮೆ? ಸಂಸೆಯ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯವರ ಹುಲ್ಲುಗುಡ್ಡ ಇತ್ತು. ಯಾವಾಗ ಬೇಕಾದರೂ ಬಂದು ಉಳಿಯಿರಿ ಎಂದು ಅವರು ಎಷ್ಟೋ ಸಲ ಕರೆದಿದ್ದರು. ಅಲ್ಲಿಗೆ ಹತ್ತುವ ಗಾಡಿ ಬೇಕಿತ್ತು, ಅಷ್ಟೆ.

ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಅಪ್ಪನ ಕಾಲದ ಡೀಸೆಲ್ ಪಿಕಪ್ ನಿಂತಿತ್ತು. ನಾಲ್ಕೂ ಚಕ್ರ ಎಳೆಯುವಂಥದು. ಅಪ್ಪ ಅದರಲ್ಲಿ ಪಾರ್ಚ್‌ಮೆಂಟ್ ಕಾಫಿಯ ಮೂಟೆ, ಗೊಬ್ಬರ, ಆಳುಗಳು, ಒಂದೊಂದು ಸಲ ಹಸುವಿನ ಕರುವನ್ನೂ ಸಾಗಿಸಿದ್ದರು. ಅಣ್ಣ ಹೊಸ ಗಾಡಿ ತೆಗೆದುಕೊಂಡ ಮೇಲೆ ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅದು ನನಗೆ ಬೇಕು ಎಂದಾಗ ಅಣ್ಣ ನಕ್ಕ, ಗುಜರಿಗೆ ಹಾಕುವ ಕೆಲಸ ಉಳಿಯಿತು ಎಂದ. ಕ್ಯಾಂಪಿಂಗಿಗೆ ಎಂದು ಹೇಳಿದಾಗ ನಗು ನಿಲ್ಲಿಸಿ ನನ್ನ ಮುಖ ನೋಡಿದ.

ಬೇಸಿಗೆ ರಜೆಯ ಶುರುವಿಗೆ ಅದನ್ನು ಅಣ್ಣನ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಮೇಸ್ತ್ರಿಯ ಶೆಡ್ಡಿಗೆ ತಂದೆವು. ನಾನು ಫೋನಿನಲ್ಲಿ ಒಂದಷ್ಟು ಚಿತ್ರಗಳನ್ನು ಕೂಡಿಸಿಟ್ಟುಕೊಂಡಿದ್ದೆ: ತಲೆಯ ಮೇಲೆ ಸಾಲು ಲೈಟು, ಮುಂದೆ ಎಳೆಯುವ ಯಂತ್ರ, ಮೇಲ್ಗಡೆ ಬಿಚ್ಚಿಕೊಳ್ಳುವ ಟೆಂಟು. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಶ್ರದ್ಧೆಯಿಂದ ನೋಡಿದರು. ಆಮೇಲೆ ಫೋನು ವಾಪಸು ಕೊಟ್ಟು, ಈ ಗಾಡಿ ಸಿನಿಮಾಕ್ಕೆ ಹೋಗುತ್ತೋ ಗುಡ್ಡಕ್ಕೆ ಹೋಗುತ್ತೋ ಎಂದು ಕೇಳಿದರು. ಗುಡ್ಡಕ್ಕೆ ಎಂದೆ. ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದರು. ಸುಮ್ಮನೆ ಕೂರುತ್ತೇನೆ ಎಂದೆ. ಅದನ್ನು ಅವರು ತಮಾಷೆ ಮಾಡಲಿಲ್ಲ.

"ಹಂಗಾದ್ರೆ ಮೊದಲು ನಿಲ್ಲೋದನ್ನ ಸರಿ ಮಾಡುವ ಮೇಡಂ. ಓಡೋದು ಆಮೇಲೆ," ಎಂದರು.

ಬ್ರೇಕಿನಿಂದಲೇ ಶುರು ಮಾಡಿದರು. ಒಂದೊಂದೇ ಚಕ್ರ ಬಿಚ್ಚಿ, ಒಳಗಿನ ತುಕ್ಕು ಕೆರೆದು, ಬ್ರೇಕ್ ಆಯಿಲ್ ಹರಿಯುವ ಹಳೆಯ ರಬ್ಬರು ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆದರು. ಅದರೊಳಗಿಂದ ಅರ್ಧ ಚೊಂಬು ಕೆಸರು ಬಂತು. ಮಳೆಗಾಲ ಶುರುವಾದ ಮೇಲೆ ಕೆಲಸ ಕುಂಟಿತು. ಹೋಗಿ ಕೇಳಿದರೆ, ಮಣ್ಣು ಒದ್ದೆ ಇರುವಾಗ ಕೆಳಗೆ ಮಲಗಿದರೆ ಬೆನ್ನು ಹಿಡಿಯುತ್ತದೆ ಎನ್ನುತ್ತಿದ್ದರು. ಬೇರೆಯವರ ಗಾಡಿಗಳ ಕೆಳಗೆ ಮಲಗುವುದಕ್ಕೆ ಆ ಬೆನ್ನು ಏನೂ ಅನ್ನುತ್ತಿರಲಿಲ್ಲ. ತೋಟದ ಜೀಪುಗಳು ಮೊದಲು, ನನ್ನ ಶೋಕಿ ಆಮೇಲೆ ಎಂದು ಅವರ ಲೆಕ್ಕ ಇರಬೇಕು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಹೇಳುವ ಧೈರ್ಯ ಇರಲಿಲ್ಲ.

ಕೆಲಸ ನಡೆದ ದಿನಗಳಲ್ಲಿ ಮಾತ್ರ ನಾನು ಎದುರಿಗಿರಲೇಬೇಕು ಎನ್ನುತ್ತಿದ್ದರು. ರಜೆ ಮುಗಿದ ಮೇಲೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ ಹೋಗುತ್ತಿದ್ದೆ. ಮೊದಲನೇ ಶನಿವಾರ ಜಾಕಿ ನನ್ನ ಕೈಗೆ ಕೊಟ್ಟು ಚಕ್ರ ಬಿಚ್ಚಿ ಎಂದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಟ್ಟು ಜಗ್ಗಲಿಲ್ಲ. ಕೈಯಿಂದಲ್ಲ, ಸ್ಪ್ಯಾನರಿನ ಮೇಲೆ ಕಾಲಿಟ್ಟು ಮೈಭಾರ ಬಿಡಿ ಎಂದರು. ಬಿಟ್ಟೆ, ಬಂತು. ಮುಂದಿನ ವಾರ ಫಿಲ್ಟರಿನ ಕೆಳಗೆ ಸೇರಿದ ನೀರು ತೆಗೆಯುವುದು, ಅದರ ಮುಂದಿನ ವಾರ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿಕೊಂಡರೆ ಕೈಪಂಪು ಒತ್ತಿ ಹೊರಗೆ ಹಾಕುವುದು. ಯಾಕೆ ಇದೆಲ್ಲ ನನ್ನಿಂದ ಮಾಡಿಸುತ್ತೀರಿ ಎಂದು ಕೇಳಿದಾಗ, ಗುಡ್ಡದ ಮೇಲೆ ನಾನು ಇರಲ್ಲ ಎಂದಷ್ಟೇ ಹೇಳಿದರು. ಹೊಗಳುವ ಅಭ್ಯಾಸ ಅವರಿಗೆ ಇರಲಿಲ್ಲ. ಮಾಡಿದ್ದು ಸರಿಯಾಗಿದ್ದರೆ ಮುಂದಿನ ಕೆಲಸ ಹೇಳುತ್ತಿದ್ದರು. ತಪ್ಪಾಗಿದ್ದರೆ ಬಿಚ್ಚಿ ಮತ್ತೆ ಮಾಡಿ ಎನ್ನುತ್ತಿದ್ದರು. ಮೂವತ್ತು ಮಕ್ಕಳೆದುರು ದಿನವೂ ಮಾತಾಡುವ ನನಗೆ, ಕಲಿಸುವುದಕ್ಕೆ ಇಷ್ಟು ಕಡಿಮೆ ಮಾತು ಸಾಕಾಗುತ್ತದೆ ಎಂದು ಗೊತ್ತಿರಲಿಲ್ಲ.

ನನ್ನ ಚಿತ್ರಗಳಲ್ಲಿದ್ದ ಸಾಮಾನುಗಳಲ್ಲಿ ಅವರು ಒಪ್ಪಿದ್ದು ಒಳ್ಳೆಯ ಹಲ್ಲಿನ ಟೈರು ಮಾತ್ರ. ಉಳಿದಿದ್ದಕ್ಕೆ ಅವರದೇ ಪಟ್ಟಿ ಇತ್ತು. ಎರಡು ಜಾಕಿ, ಕೆಸರಿನಲ್ಲಿ ಜಾಕಿ ಹೂತುಹೋಗದಂತೆ ಕೆಳಗಿಡಲು ಒಂದು ದಪ್ಪ ಹಲಗೆ, ಲಾರಿಯವರು ಬಳಸುವ ಹಗ್ಗ, ಗುದ್ದಲಿ, ಕತ್ತಿ, ಇನ್ನೊಂದು ಫ್ಯಾನ್ ಬೆಲ್ಟು, ಎರಡು ಕ್ಯಾನು ನೀರು. ಒಂದು ಕುಡಿಯಲು, ಒಂದು ರೇಡಿಯೇಟರಿಗೆ. ಅದಕ್ಕೆ ಕೆಂಪು ದಾರ ಕಟ್ಟಿದರು, ಎಷ್ಟು ಬಾಯಾರಿದರೂ ಅದನ್ನು ಮುಟ್ಟಬಾರದು. ಹಿಂದುಗಡೆ ಮಲಗುವುದಕ್ಕೆ ಪ್ಲೈವುಡ್ಡಿನ ಹಲಗೆ ಹಾಕಿಸುವ ದಿನ ಟೇಪು ನನ್ನ ಕೈಗೇ ಕೊಟ್ಟು, ನಿಮ್ಮ ಉದ್ದ ನೀವೇ ಅಳೆದು ಬಡಗಿಗೆ ಹೇಳಿ, ಅದರ ಮೇಲೆ ಒಂದು ಗೇಣು ಜಾಸ್ತಿ ಇರಲಿ ಎಂದು ಹೇಳಿ, ತಾವು ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತರು.

ಹಲಗೆ, ಪೆಟ್ಟಿಗೆ, ನೀರು, ತಾರ್ಪಾಲು ಎಲ್ಲ ಸೇರಿ ಹಿಂದಿನ ಭಾರ ಹೆಚ್ಚಾಯಿತು. ಗಾಡಿ ಹಿಂದಕ್ಕೆ ಕೂತಂತೆ ಕಾಣುತ್ತಿತ್ತು. ಆಗ ಅವರು ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಬ್ಬಿಣದ ಪ್ಲೇಟುಗಳಿಗೆ ಇನ್ನೊಂದೊಂದು ಪ್ಲೇಟು ಸೇರಿಸಿ, ಗಾಡಿಯನ್ನು ನಾಲ್ಕು ಬೆರಳಷ್ಟು ಎತ್ತರಿಸಿದರು. ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆಂದರೆ, ಮುಂದೆ ಆಗಿದ್ದಕ್ಕೆ ಇದೇ ಕಾರಣ.

ದಸರಾ ರಜೆಯಲ್ಲಿ ಮೊದಲ ಸಲ ಹೋದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದ ಮೇಲೆ ಸಂಸೆಗೆ ಹೋಗಿ, ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಹೇಳಿ, ಗುಡ್ಡ ಹತ್ತಿದೆ. ಎರಡು ದಿನ ಇದ್ದೆ. ಅಲ್ಲಿ ಏನೂ ನಡೆಯಲಿಲ್ಲ. ಮೋಡ ಬಂತು, ಹೋಯಿತು. ಅನ್ನ ಬೇಯಿಸಿಕೊಂಡೆ. ವಾಪಸು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಮೇಸ್ತ್ರಿ ನನ್ನನ್ನು ಏನೂ ಕೇಳದೆ ಬಗ್ಗಿ ಗಾಡಿಯ ಕೆಳಗೆ ನೋಡಿದರು. ಎದ್ದು, ಮುಂದಿನ ಸಲ ಯಾವಾಗ ಎಂದರು. ಅವರಿಂದ ಅದು ದೊಡ್ಡ ಮಾತು.

ಮೂರನೆಯ ಸಲ ಹೋಗಿದ್ದು ಡಿಸೆಂಬರಿನಲ್ಲಿ. ನಮ್ಮ ಶಾಲೆಯ ಗಣಿತದ ಟೀಚರ್ ಜೊತೆಗಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು. ಮನೆಯಲ್ಲಿ ಬೇಡಿ ಒಪ್ಪಿಗೆ ತೆಗೆದುಕೊಂಡು ಬಂದಿದ್ದರು. ಭಾನುವಾರ ಬೆಳಿಗ್ಗೆ ಗುಡ್ಡ ಇಳಿಯುವಾಗ ದಾರಿಗೆ ಅಡ್ಡವಾಗಿ ಮಳೆನೀರು ಕೊರೆದ ದೊಡ್ಡ ಕೊರಕಲು ಬಂತು. ಮೇಸ್ತ್ರಿ ಹೇಳಿಕೊಟ್ಟಿದ್ದ ಹಾಗೆ ನಿಧಾನವಾಗಿ, ಓರೆಯಾಗಿ ದಾಟಿಸಿದೆ. ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೂಗಿ ಮತ್ತೆ ನೆಲಕ್ಕೆ ಬಂತು. ದಾಟಿದೆವು ಎಂದು ಇಬ್ಬರೂ ನಕ್ಕೆವು. ಸ್ವಲ್ಪ ಕೆಳಗೆ ಹೋಗಿ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಹಾಗೇ ನೆಲಕ್ಕೆ ಇಳಿಯಿತು. ಗಾಡಿ ಅರ್ಧಂಬರ್ಧ ಹಿಡಿದು, ಹಿಡಿಯದೆ ಜಾರಿತು. ಎಡಕ್ಕೆ ಕಣಿವೆ. ನಾನು ಬಲಕ್ಕೆ ತಿರುಗಿಸಿ ದಿಬ್ಬದ ಮಣ್ಣಿಗೆ ಗುದ್ದಿದೆ. ಗಾಡಿ ಚರಂಡಿಗೆ ವಾಲಿ ನಿಂತಿತು. ನನಗೆ ಏನೂ ಆಗಲಿಲ್ಲ. ಗಣಿತದ ಟೀಚರ್ ಮುಂದಕ್ಕೆ ಕೈ ಚಾಚಿದ್ದರಿಂದ ಅವರ ಮಣಿಕಟ್ಟು ಮುರಿಯಿತು.

ಸಂಸೆಯ ವಿದ್ಯಾರ್ಥಿನಿಯ ಮನೆಯವರು ಜೀಪಿನಲ್ಲಿ ನಮ್ಮನ್ನು ಕಳಸದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಯ ಒಳಗೆ ಅಣ್ಣ ಬಂದ, ಟೀಚರ್ ಅವರ ಯಜಮಾನರೂ ಬಂದರು. ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಹೋದರು. ಅಣ್ಣ ಆಡಿದ. ಇಳಿಜಾರಿನಲ್ಲಿ ಜೋರಾಗಿ ಬಂದಿರುತ್ತೀಯ, ಗೇರು ತಪ್ಪಾಗಿ ಹಾಕಿರುತ್ತೀಯ, ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ಕೂರಿಸಿಕೊಂಡು ನಿನಗೆ ಇದೆಲ್ಲ ಯಾಕೆ ಬೇಕಿತ್ತು ಎಂದ. ಪೆಡಲು ಇಳಿದುಹೋಯಿತು ಎಂದು ನನಗೆ ನೆನಪಿತ್ತು. ಆದರೆ ಅಣ್ಣ ಅಷ್ಟು ಖಚಿತವಾಗಿ ಹೇಳಿದ ಮೇಲೆ, ಗಾಬರಿಯಲ್ಲಿ ನಾನು ಒತ್ತಿದ್ದು ಬ್ರೇಕೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಶುರುವಾಯಿತು. ಕಳಸದಲ್ಲಿ ಹಳೆ ಗಾಡಿ ಕೊಳ್ಳುವವನೊಬ್ಬನಿಗೆ ಅಣ್ಣ ಆಗಲೇ ಹೇಳಿಯಾಗಿತ್ತು; ಮಾರನೆಯ ದಿನ ಬಂದು ಎಳೆದುಕೊಂಡು ಹೋಗುತ್ತಾನೆ ಎಂದ. ನಾನು ಆಗಲಿ ಎಂದೆ.

ಅದಕ್ಕೆ ಮೊದಲು, ಮಧ್ಯಾಹ್ನವೇ, ನಾನು ಮೇಸ್ತ್ರಿಗೆ ಫೋನು ಮಾಡಿದ್ದೆ. ಹೀಗಾಯಿತು, ಪೆಡಲು ನೆಲಕ್ಕೆ ಇಳಿಯಿತು ಎಂದಷ್ಟೇ ಹೇಳಿದ್ದೆ. ಅವರು ಯಾರಿಗಾದರೂ ಪೆಟ್ಟಾಯಿತಾ, ಗಾಡಿ ಎಲ್ಲಿದೆ ಎಂದು ಕೇಳಿ ಇಟ್ಟಿದ್ದರು.

ಸೋಮವಾರ ಅಣ್ಣ, ನಾನು, ಗಾಡಿ ಕೊಳ್ಳುವವನು ಮೂವರೂ ಆ ತಿರುವಿನಲ್ಲಿ ನಿಂತಿದ್ದಾಗ, ಕೆಳಗಿನಿಂದ ಮೇಸ್ತ್ರಿ ನಡೆದುಕೊಂಡು ಬಂದರು. ಗೋಣಿಬೀಡಿನಿಂದ ಮೂಡಿಗೆರೆ, ಅಲ್ಲಿಂದ ಕೊಟ್ಟಿಗೆಹಾರ, ಕಳಸ, ಸಂಸೆ. ಮೂರು ಬಸ್ಸು, ಒಂದು ಜೀಪು, ಆಮೇಲೆ ಕಾಲುನಡಿಗೆ. ಹೆಗಲಿಗೆ ಸಾಮಾನಿನ ಚೀಲ. ನಮಗೆ ನಮಸ್ಕಾರವನ್ನೂ ಹೇಳದೆ, ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋದರು. ಅವರ ಕಾಲು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಅಲ್ಲಾಡಲಿಲ್ಲ.

ಹೊರಗೆ ಬಂದು ಮಂಡಿಯ ಮಣ್ಣು ಕೊಡವಿಕೊಂಡು, ಅಣ್ಣನ ಎದುರಿಗೆ ನಿಂತರು.

"ತಪ್ಪು ನಂದು, ಇವರದ್ದಲ್ಲ," ಎಂದರು.

ಅಣ್ಣನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಹರಿದ ರಬ್ಬರು ಪೈಪನ್ನು ತೋರಿಸಿ ವಿವರಿಸಿದರು. ಪ್ಲೇಟು ಹಾಕಿ ಗಾಡಿ ಎತ್ತರಿಸಿದ ಮೇಲೆ ಹಿಂದಿನ ಆ ಪೈಪು ಉದ್ದ ಸಾಲದು, ಅದನ್ನೂ ಬದಲಾಯಿಸಿ ಉದ್ದದ್ದು ಹಾಕಬೇಕು. ಗಾಡಿ ನೆಲದ ಮೇಲೆ ನಿಂತಾಗ ಸಾಕಾಗಿದ್ದು, ಚಕ್ರ ಗಾಳಿಯಲ್ಲಿ ತೂಗಿದಾಗ ಎಳೆದು ಹರಿದು, ಬ್ರೇಕ್ ಆಯಿಲ್ ಸೋರಿಹೋಯಿತು. ನಾನು ನೆಲದ ಮೇಲೆ ನಿಲ್ಲಿಸಿ ನೋಡಿದೆ, ಚಕ್ರ ಎತ್ತಿ ತೂಗುಬಿಟ್ಟು ನೋಡಬೇಕಾಗಿತ್ತು ಎಂದರು.

ಅಣ್ಣನಿಗೆ ಕಸಿವಿಸಿಯಾಯಿತು. ಅವನು ಸ್ವಭಾವದಲ್ಲಿ ಕೆಟ್ಟವನಲ್ಲ. ವಯಸ್ಸಾದ ಮನುಷ್ಯ ಅಷ್ಟು ದೂರದಿಂದ ಬಂದು ಹೀಗೆ ನಿಂತಿದ್ದು ನೋಡಲಾಗದೆ, ಅವರಿಗೊಂದು ದಾರಿ ಮಾಡಿಕೊಡಲು ಹೋದ. "ಹಳೇ ಗಾಡಿ ಅಲ್ವಾ ಮೇಸ್ತ್ರಿ, ರಬ್ಬರ್ ಹಳತಾಗಿ ಹರಿದಿರುತ್ತೆ ಬಿಡಿ."

"ಹಳತಲ್ಲ ಸ್ವಾಮಿ. ಹೊಸದು. ನಾನೇ ಹಾಕಿದ್ದು," ಎಂದರು ಮೇಸ್ತ್ರಿ. ಆಮೇಲೆ ತಿರುವಿನ ಎಡಕ್ಕೆ, ಕಣಿವೆಯ ಕಡೆಗೆ ಕೈ ತೋರಿಸಿದರು. "ಬ್ರೇಕ್ ಇಲ್ದೆ ಈ ಜಾಗದಲ್ಲಿ ಯಾವ ಡ್ರೈವರ್ ಇದ್ದರೂ ಇವರು ಮಾಡಿದ್ದನ್ನೇ ಮಾಡ್ಬೇಕು. ಮಾಡೋಕೆ ಎಲ್ಲರಿಗೂ ಆಗಲ್ಲ."

ನನ್ನ ಕಡೆ ನೋಡಲಿಲ್ಲ. ನಾನು ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ಚೀಲದಿಂದ ಅವರು ಹೊಸ ಪೈಪು ತೆಗೆದರು. ಉದ್ದದ್ದು. ಬರುವಾಗ ಮೂಡಿಗೆರೆಯ ಅಂಗಡಿಯಿಂದ ತಂದಿದ್ದರು. ಅಂದರೆ ನಾನು ಫೋನಿನಲ್ಲಿ ಪೆಡಲು ಇಳಿಯಿತು ಎಂದಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಬರದೆ ಇದ್ದಿದ್ದರೆ ಗಾಡಿ ಆ ದಿನವೇ ಗುಜರಿಗೆ ಹೋಗುತ್ತಿತ್ತು, ಪೈಪು ಹರಿದದ್ದನ್ನು ಯಾರೂ ನೋಡುತ್ತಿರಲಿಲ್ಲ, ತಪ್ಪು ನನ್ನ ಹೆಸರಿನಲ್ಲೇ ಉಳಿಯುತ್ತಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಪಾಠ ಮಾಡುತ್ತಾ ಬೋರ್ಡಿನ ಕಡೆ ತಿರುಗಿದ್ದಾಗ.

ಗಾಡಿ ಕೊಳ್ಳುವವನನ್ನು ಅಣ್ಣ ವಾಪಸು ಕಳಿಸಿದ. ಸಂಸೆಯವರ ಜೀಪಿಗೆ ಹಗ್ಗ ಕಟ್ಟಿ ಗಾಡಿಯನ್ನು ಚರಂಡಿಯಿಂದ ಎತ್ತಿದೆವು. ಮೇಸ್ತ್ರಿ ಪೈಪು ಹಾಕಿ, ನನ್ನಿಂದ ಪೆಡಲು ಒತ್ತಿಸಿ ಗಾಳಿ ತೆಗೆದು, ಎರಡೂ ಹಿಂದಿನ ಚಕ್ರಗಳನ್ನು ಒಂದಾದ ಮೇಲೊಂದು ಎತ್ತಿ, ತೂಗುಬಿಟ್ಟು ನೋಡಿದರು. ಆಮೇಲೆ ಕೀಲಿ ನನ್ನ ಕೈಗೆ ಕೊಟ್ಟು, ತಾವು ಪಕ್ಕದ ಸೀಟಿನಲ್ಲಿ ಕೂತರು. ಅಣ್ಣ ತಾನು ಓಡಿಸುತ್ತೇನೆ ಎಂದು ಬಂದ. ಮೇಸ್ತ್ರಿ ಇಳಿಯದೆ ಮುಂದೆ ನೋಡುತ್ತಾ ಕೂತಿದ್ದರು. ಅಣ್ಣ ಹಿಂದೆ ತನ್ನ ಗಾಡಿಯಲ್ಲಿ ಬಂದ.

ಪ್ರತಿ ತಿರುವಿಗೂ ಮೊದಲೇ ಬ್ರೇಕ್ ಒತ್ತಿ ನೋಡುತ್ತಿದ್ದೆ. ಕಳಸ ದಾಟಿ ಕೊಟ್ಟಿಗೆಹಾರದ ದಾರಿ ಹಿಡಿದು ತುಂಬ ದೂರ ಬರುವವರೆಗೂ ಹಾಗೇ ಮಾಡಿದೆ. ಅಷ್ಟು ಹೊತ್ತಿನಲ್ಲಿ ಅವರು ಆಡಿದ್ದು ಒಂದೇ ಮಾತು, ಮೂರನೇ ಗೇರು ಸಾಕು ಎಂದು. ಮೂಡಿಗೆರೆಯಲ್ಲಿ ಗಣಿತದ ಟೀಚರ್ ಮನೆಯ ಮುಂದೆ ನಿಲ್ಲಿಸಿ ಎಂದರು. ಒಳಗೆ ಹೋಗಿ, ಅವರ ಯಜಮಾನರ ಎದುರಿಗೆ ಕೈಮುಗಿದು, ಅಣ್ಣನಿಗೆ ಹೇಳಿದ್ದನ್ನೇ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಟೀಚರ್ ಕಡೆ ತಿರುಗಿ, ಮಗಾ, ನಿನ್ನ ಕೈಗೆ ನೋವು ಮಾಡಿದವನು ನಾನು ಎಂದರು. ಟೀಚರ್ ಬ್ಯಾಂಡೇಜಿನ ಕೈ ಹಿಡಿದುಕೊಂಡು ಅತ್ತರು. ಅವರ ಯಜಮಾನರು ಒಳಗೆ ಹೋಗಿ ನೀರು ತಂದುಕೊಟ್ಟರು.

ಆಮೇಲಿನ ವರ್ಷಗಳಲ್ಲಿ ನಾನು ಎಷ್ಟೋ ಸಲ ಗುಡ್ಡಕ್ಕೆ ಹೋದೆ. ಪ್ರತಿ ಸಲ ಹೊರಡುವ ಮುಂಚೆ ಶೆಡ್ಡಿಗೆ ಹೋಗುತ್ತಿದ್ದೆ. ಅವರು ಚಕ್ರ ಎತ್ತಿ ತೂಗುಬಿಟ್ಟು ನೋಡುತ್ತಿದ್ದರು. ಶೆಡ್ಡಿನ ಮುಂದೆ ನಿಲ್ಲುವ ಜೀಪುಗಳು ಕಡಿಮೆಯಾಗುತ್ತಾ ಬಂದದ್ದನ್ನು ಗಮನಿಸಿದ್ದೆ. ಹಳೆಯ ಗಾಡಿಗಳೇ ಕಡಿಮೆಯಾಗಿವೆ, ಎಲ್ಲರೂ ಹೊಸದು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಮೇಸ್ತ್ರಿಗೆ ಬಿಡುವು ಜಾಸ್ತಿಯಾಗಿ, ನನ್ನ ಕೆಲಸ ಕೇಳಿದ ದಿನವೇ ಆಗುತ್ತಿತ್ತು. ಅದನ್ನು ಅನುಕೂಲವೆಂದೇ ತಿಳಿದಿದ್ದೆ.

ಹೋದ ವರ್ಷ ಎದೆನೋವು ಬಂದು, ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದು ದಿನ ಕಳೆದ ಮೇಲೆ ಅವರ ಹೆಂಡತಿಯನ್ನು ನೋಡಲು ಮನೆಗೆ ಹೋದೆ. ಅಷ್ಟು ವರ್ಷ ಶೆಡ್ಡಿಗೆ ಹೋದವಳು, ಅದರ ಹಿಂದಿನ ಓಣಿಯಲ್ಲೇ ಇದ್ದ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಅವರನ್ನು ನಾನು ಅಮ್ಮ ಎಂದೇ ಕರೆದೆ. ಅವರಿಗೆ ನನ್ನ ಬಗ್ಗೆ ಎಲ್ಲ ಗೊತ್ತಿತ್ತು, ನನ್ನ ಗಾಡಿಯ ಸದ್ದು ಕೂಡ.

ಮಾತಿನ ನಡುವೆ ನಾನು, ಇತ್ತೀಚೆಗೆ ಮೇಸ್ತ್ರಿಗೆ ಕೆಲಸ ಕಡಿಮೆಯಾಗಿತ್ತು ಅಲ್ಲವೇ, ವಯಸ್ಸಾಯಿತು ಎಂದು ಅವರೇ ಕಡಿಮೆ ಮಾಡಿಕೊಂಡರೇನೋ ಎಂದೆ. ಅಮ್ಮ ಸೆರಗಿನ ಅಂಚು ಮಡಿಸುತ್ತಾ, ಹೇಳಬೇಡ ಅಂದಿದ್ದರು, ಈಗ ಹೇಳಿದರೆ ಏನೂ ಆಗುವುದಿಲ್ಲ ಎಂದು ಹೇಳಿದರು. ಸಂಸೆಯಿಂದ ಬಂದ ಮೇಲೆ ನನ್ನ ಅಣ್ಣ ಮೇಸ್ತ್ರಿಯನ್ನು ಕಂಡ ಕಂಡಲ್ಲಿ ಹೊಗಳಿದನಂತೆ. ಬೆಳೆಗಾರರು ಸೇರುವಲ್ಲಿ, ಕಾಫಿ ಮಾರುವಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ನಡೆದದ್ದನ್ನು ಹೇಳಿ, ಇಂಥ ಮನುಷ್ಯ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎನ್ನುತ್ತಿದ್ದನಂತೆ. ಕೇಳಿದವರಿಗೆ ಅದರಲ್ಲಿ ಕೇಳಿಸಿದ್ದು ಒಂದೇ, ಮೇಸ್ತ್ರಿ ಕೆಲಸ ಮಾಡಿದ ಗಾಡಿಯ ಬ್ರೇಕು ಹೋಯಿತು ಎಂದು. ಆಳುಗಳನ್ನು ಕೂರಿಸಿಕೊಂಡು ಹೋಗುವ ಜೀಪು, ಮಕ್ಕಳನ್ನು ಶಾಲೆಗೆ ಬಿಡುವ ಜೀಪು, ಹೆದರಿಕೆ ಸಹಜ. ಒಂದೊಂದೇ ಎಸ್ಟೇಟಿನವರು ಬರುವುದನ್ನು ನಿಲ್ಲಿಸಿದರು.

ಅಣ್ಣನಿಗೆ ಇದು ಗೊತ್ತೇ ಎಂದೆ. ಗೊತ್ತಾಗಬಾರದು ಎಂದೇ ನಿಮಗೂ ಹೇಳದಂತೆ ತಡೆದಿದ್ದರು ಎಂದರು ಅಮ್ಮ. ಅವರು ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ತಡೆಯುವುದು ಹೇಗೆ ಎನ್ನುತ್ತಿದ್ದರಂತೆ.

ಹೊರಡುವಾಗ ಅಮ್ಮ ಗೇಟಿನವರೆಗೆ ಬಂದು, ರಸ್ತೆಯಲ್ಲಿ ನಿಂತಿದ್ದ ಗಾಡಿಯನ್ನು ನೋಡಿದರು. ಇಷ್ಟು ವರ್ಷ ಎಷ್ಟೋ ಜನರ ಗಾಡಿ ಗುಡ್ಡಕ್ಕೆ ಹೋಗುವ ಹಾಗೆ ಮಾಡಿದರು, ನಾನು ಒಂದರಲ್ಲೂ ಗುಡ್ಡ ಹತ್ತಿಲ್ಲ ಎಂದರು. ದೂರಿನಂತೆ ಹೇಳಲಿಲ್ಲ. ನನ್ನ ಜೊತೆ ಬರುತ್ತೀರಾ ಎಂದೆ. ಬರುತ್ತೇನೆ ಎಂದು ತಕ್ಷಣ ಹೇಳಿದರು, ಮೊದಲೇ ನಿರ್ಧರಿಸಿದ್ದವರಂತೆ.

ಚಳಿ ಸ್ವಲ್ಪ ಕಡಿಮೆಯಾದ ಮೇಲೆ, ಫೆಬ್ರವರಿಯಲ್ಲಿ ಒಂದು ಶನಿವಾರ ಹೊರಟೆವು. ಅವರು ತಮ್ಮದೇ ಕಂಬಳಿ, ರೊಟ್ಟಿ, ಚಟ್ನಿಪುಡಿ, ದೇವರ ಚಿಕ್ಕ ಪೆಟ್ಟಿಗೆ ಎಲ್ಲ ತಂದಿದ್ದರು. ಗುಡ್ಡ ಹತ್ತುವಾಗ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದವರು, ಮೇಲೆ ಬಂದ ಮೇಲೆ ನನಗಿಂತ ಮೊದಲು ಇಳಿದು ಹುಲ್ಲಿನಲ್ಲಿ ನಡೆದುಕೊಂಡು ಹೋದರು. ಹಲಗೆಯನ್ನು ಅವರಿಗೆ ಬಿಟ್ಟು ನಾನು ಸೀಟಿನಲ್ಲಿ ಮಲಗಿದೆ.

ಬೆಳಿಗ್ಗೆ ಬಿಸಿಲು ಬಂದ ಮೇಲೆ ಕಾಫಿ ಮಾಡಿ ಕೊಟ್ಟೆ. ಅವರು ಲೋಟವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಕೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಕೇಳಿಯೇಬಿಟ್ಟೆ. ಸಂಸೆಗೆ ಬಂದು ತಪ್ಪು ಒಪ್ಪಿಕೊಂಡು ಹೋದ ದಿನ ಮೇಸ್ತ್ರಿ ಮನೆಯಲ್ಲಿ ಏನೆಂದರು ಎಂದು.

"ನಿಮ್ಮ ಫೋನು ಬಂದಾಗಿಂದ ಒಂದು ತುತ್ತು ತಿಂದಿರ್ಲಿಲ್ಲ," ಎಂದರು ಅಮ್ಮ. "ಬಂದವರೇ ಕೈಕಾಲು ತೊಳ್ಕೊಂಡು ಕೂತ್ರು. ಏನಂದ್ರು ಅವರೆಲ್ಲ, ಬೈದ್ರಾ ಅಂತ ಕೇಳಿದೆ. ಆ ಮೇಡಂ ಗಾಡಿ ತಾವೇ ಓಡಿಸ್ಕೊಂಡು ಬಂದ್ರು ಕಣೇ, ಊರಿನವರೆಗೂ ಅಂದ್ರು. ಅಷ್ಟು ಹೇಳಿ, ಎರಡು ಸಲ ಅನ್ನ ಹಾಕಿಸ್ಕೊಂಡು ತಿಂದ್ರು."

ಅವರ ಲೋಟ ಖಾಲಿಯಾಗಿತ್ತು. ಇನ್ನೂ ಸ್ವಲ್ಪ ಕಾಫಿ ಇತ್ತು, ಬಿಸಿ ಮಾಡಲು ಎದ್ದೆ.